ಐದು ಸ್ಟಾರ್ ಕೊಟ್ಟರೆ ಸಾಕಾ?

ಗುಬ್ಬಿ, ಕುಣಿಗಲ್ ಕಡೆಯಿಂದ ತುಮಕೂರಿಗೆ ಬಸ್ಸಲ್ಲಿ ಬರೋ ನಾವು ಪ್ರತಿಲಿಪಿಯಲ್ಲಿ ಕಥೆಗಳನ್ನು ಪುಕ್ಕಟೆ ಓದ್ತೀವಿ. ಬರೆದವರಿಗೆ ದುಡ್ಡು ಎಲ್ಲಿಂದ? ಓದುಗರು ಕಾಯಿನ್ ಕೊಂಡು ಸ್ಟಿಕ್ಕರ್ ಕೊಟ್ಟರೆ, ಚಂದಾದಾರರಾದರೆ, ಅದರಲ್ಲೊಂದು ಪಾಲು ಲೇಖಕರಿಗೆ ಸೇರುತ್ತೆ. ಐದು ಸ್ಟಾರ್‌ನಿಂದ ಖುಷಿ ಸಿಗಬಹುದು, ಮನೆ ಬಾಡಿಗೆ ಕಟ್ಟೋಕಾಗಲ್ಲ.

ಒಬ್ಬ ಓದುಗರಿಂದ ತಿಂಗಳಿಗೆ 25 ರೂಪಾಯಿ ಲೇಖಕರ ಕೈಗೆ ಬರುತ್ತೆ ಅಂದ್ಕೊಳ್ಳಿ. 20,000 ಆಗೋಕೆ 800 ಜನ ಬೇಕು, ಅದೂ ಪ್ರತಿ ತಿಂಗಳು! ಧಾರಾವಾಹಿಯ ಕಂತು ಕುತೂಹಲದಲ್ಲೇ ನಿಲ್ಲೋದು ಇದಕ್ಕೇ.

ಗಳಗನಾಥರು (1869–1942) ತಮ್ಮ ಪುಸ್ತಕ ಹೊತ್ತು ಊರೂರು ತಿರುಗಿ ಮಾರಿದವರು. ಕೊಳ್ಳುವವರ ಮುಖವಾದರೂ ಅವರಿಗೆ ಗೊತ್ತಿತ್ತು. ಈಗ ಓದುಗರ ಪಟ್ಟಿ ಇರೋದು ಆಪ್ ಹತ್ತಿರ. ಅದರ ನಿಯಮ ಬದಲಾದರೆ ಸಂಪಾದನೆಯೂ ಏರುಪೇರು. ಅದಕ್ಕೇ ಕೆಲವು ಲೇಖಕರು ವಾಟ್ಸಾಪ್ ಗುಂಪು ಕಟ್ಟಿಕೊಂಡು, ಪುಸ್ತಕವನ್ನು ನೇರವಾಗಿ ಅಲ್ಲೇ ಮಾರ್ತಾರೆ.