ಹೆಸರು ಚಿಗಟೇರಿಯದು, ಆಸ್ಪತ್ರೆ ದಾವಣಗೆರೆಯಲ್ಲಿ

ದಾವಣಗೆರೆಯ ಜಿಲ್ಲಾ ಆಸ್ಪತ್ರೆಯನ್ನು ಜನ 'ಸಿ.ಜಿ. ಆಸ್ಪತ್ರೆ' ಎಂದೇ ಕರೆಯುತ್ತಾರೆ. ಆ ಎರಡಕ್ಷರಗಳ ಪೂರ್ಣರೂಪ ಚಿಗಟೇರಿ ಜನರಲ್ ಆಸ್ಪತ್ರೆ. ಚಿಗಟೇರಿಯಾದರೋ ಹರಪನಹಳ್ಳಿ ತಾಲ್ಲೂಕಿನ ಹೋಬಳಿ ಕೇಂದ್ರ. ನಾರದಮುನಿ ದೇವಸ್ಥಾನದಿಂದ ಹೆಸರಾದ ಊರು. ಊರು ಈಗ ಒಂದು ಜಿಲ್ಲೆಯಲ್ಲಿ, ಅದರ ಹೆಸರು ಹೊತ್ತ ಆಸ್ಪತ್ರೆ ಇನ್ನೊಂದು ಜಿಲ್ಲೆಯಲ್ಲಿ. ಗ್ರಾಮೀಣ ಆಸ್ಪತ್ರೆಗಳ ಹಣಕಾಸಿನ ತೊಡಕನ್ನು ಅರಿಯಲು ಇದಕ್ಕಿಂತ ತಕ್ಕ ನಿದರ್ಶನ ಸಿಗಲಾರದು.

ಬಳ್ಳಾರಿ ಜಿಲ್ಲೆಯಲ್ಲಿದ್ದ ಹರಪನಹಳ್ಳಿಯನ್ನು 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿಸಲಾಯಿತು. ಇದರಿಂದ ಸಂವಿಧಾನದ 371 (ಜೆ) ವಿಧಿಯ ಸೌಲಭ್ಯ ತಾಲ್ಲೂಕಿನ ಕೈತಪ್ಪಿತೆಂಬ ಹೋರಾಟ ನಡೆದು, 2018ರಲ್ಲಿ ಅದು ಮರಳಿ ಬಳ್ಳಾರಿಗೆ ಸೇರುವ ತೀರ್ಮಾನವಾಯಿತು. 2021ರಲ್ಲಿ ವಿಜಯನಗರ ಜಿಲ್ಲೆ ರೂಪುಗೊಂಡಾಗ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳೊಂದಿಗೆ ಹೊಸಪೇಟೆಯ ಆಡಳಿತಕ್ಕೆ ಬಂದಿತು. ಕಡತಗಳು ಮೂರು ಬಾರಿ ದಿಕ್ಕು ಬದಲಿಸಿದವು. ಆದರೆ ಹರಪನಹಳ್ಳಿಗೆ ಹೊಸಪೇಟೆಗಿಂತ ದಾವಣಗೆರೆಯೇ ಸಮೀಪ ಎಂಬುದು ಬದಲಾಗಲಿಲ್ಲ.

ರೋಗಿ ಎಲ್ಲಿಗೆ ಹೋಗುತ್ತಾನೆ ಎಂಬುದು ಈಗ ಹಣದ ಪ್ರಶ್ನೆಯೂ ಹೌದು. ಸರ್ಕಾರಿ ಆಸ್ಪತ್ರೆಯ ವೇತನ, ಔಷಧ ಇತ್ಯಾದಿಗಳಿಗೆ ಸರ್ಕಾರದ ಅನುದಾನವಿದೆ. ಆದರೆ ಕೆಟ್ಟ ಜನರೇಟರ್, ಸೋರುವ ಮಾಳಿಗೆಯಂಥ ತುರ್ತುಗಳಿಗೆ ಬೇಕಾದುದು ಸ್ಥಳೀಯವಾಗಿ ಬಳಸಬಹುದಾದ ಹಣ. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಆರೋಗ್ಯ ರಕ್ಷಾ ಸಮಿತಿಗಳ ಮೂಲಕ ಇದಕ್ಕೆ ದಾರಿ ಮಾಡಿತು. ಆರಂಭದ ವರ್ಷಗಳಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 25,000 ರೂ., ಸಮುದಾಯ ಆರೋಗ್ಯ ಕೇಂದ್ರಕ್ಕೆ 50,000 ರೂ. ಮುಕ್ತ ನಿಧಿ ದೊರೆಯುತ್ತಿತ್ತು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಉಂಟು. ಚಿಕಿತ್ಸೆ ನೀಡಿದ ಸರ್ಕಾರಿ ಆಸ್ಪತ್ರೆಗೂ ಹಣ ಸಂದಾಯವಾಗುತ್ತದೆ.

ತೊಡಕಿರುವುದು ಇಲ್ಲಿಯೇ. ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಗೆ ಹಣ ಬರುತ್ತದೆ; ರೋಗಿಯನ್ನು ಪರೀಕ್ಷಿಸಿ ಮುಂದಕ್ಕೆ ಕಳುಹಿಸಿದ ಆಸ್ಪತ್ರೆಗೆ ಏನೂ ದಕ್ಕುವುದಿಲ್ಲ. ಸಿಸೇರಿಯನ್ ಹೆರಿಗೆಯೊಂದಕ್ಕೆ ಸ್ತ್ರೀರೋಗ ತಜ್ಞರು, ಅರಿವಳಿಕೆ ತಜ್ಞರು, ಮಕ್ಕಳ ತಜ್ಞರು ಏಕಕಾಲಕ್ಕೆ ಬೇಕು. ಮೂವರಲ್ಲಿ ಒಬ್ಬರಿಲ್ಲದಿದ್ದರೂ ಗರ್ಭಿಣಿಯನ್ನು ದೊಡ್ಡ ಊರಿಗೆ ಕಳುಹಿಸಲೇಬೇಕು. ಆದರೆ ಉಳಿದಿಬ್ಬರ ಸಂಬಳ, ಶಸ್ತ್ರಚಿಕಿತ್ಸಾ ಕೊಠಡಿಯ ಖರ್ಚು ನಿಲ್ಲುವುದಿಲ್ಲ. ಹೀಗೆ ಖಾಲಿ ಹುದ್ದೆಯೊಂದು ಆದಾಯವನ್ನೂ ಕಸಿಯುತ್ತದೆ. ಆದಾಯವಿಲ್ಲದ ಆಸ್ಪತ್ರೆ ಇನ್ನಷ್ಟು ಸೊರಗುತ್ತದೆ.

ಪ್ರತಿ ತಾಲ್ಲೂಕಿಗೂ ಎಲ್ಲ ತಜ್ಞರನ್ನು ಒದಗಿಸುವುದು ಸುಲಭವಲ್ಲವಾದ್ದರಿಂದ ಪರಿಣತಿಯನ್ನು ಹಂಚಿಕೊಳ್ಳುವ ಪ್ರಯತ್ನಗಳು ರಾಜ್ಯದಲ್ಲಿ ಹಿಂದಿನಿಂದಲೂ ನಡೆದಿವೆ. 2002ರಲ್ಲಿಯೇ ಇಸ್ರೋ ನೆರವಿನಿಂದ ಚಾಮರಾಜನಗರ ಜಿಲ್ಲಾ ಆಸ್ಪತ್ರೆ ಮತ್ತು ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗಳನ್ನು ಬೆಂಗಳೂರಿನ ನಾರಾಯಣ ಹೃದಯಾಲಯದೊಡನೆ ಉಪಗ್ರಹದ ಮೂಲಕ ಜೋಡಿಸಲಾಗಿತ್ತು. 2024ರಲ್ಲಿ ಚಾಲನೆ ಪಡೆದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆ ಅದೇ ಜಾಡಿನದು: ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವ ಹೃದ್ರೋಗ ಸಂಸ್ಥೆಯಂಥ ಕೇಂದ್ರದ ತಜ್ಞರು ನೋಡುತ್ತಾರೆ. ಹೃದಯಾಘಾತ ಖಚಿತವಾದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ನೀಡಿ, ಅನಂತರ ರೋಗಿಯನ್ನು ಮುಂದಕ್ಕೆ ಕಳುಹಿಸಲಾಗುತ್ತದೆ. ಸಣ್ಣ ಆಸ್ಪತ್ರೆ ಇಲ್ಲಿ ಕೇವಲ ಚೀಟಿ ಬರೆದುಕೊಡುವ ಕಟ್ಟೆಯಲ್ಲ.

ಸಹಯೋಗವೆಂದ ಮಾತ್ರಕ್ಕೆ ಎಲ್ಲವೂ ಸುಗಮವೆಂದಲ್ಲ. ಸಿ.ಜಿ. ಆಸ್ಪತ್ರೆಯೇ ಅದಕ್ಕೆ ಸಾಕ್ಷಿ. ಈ ಸರ್ಕಾರಿ ಆಸ್ಪತ್ರೆಯಲ್ಲಿ 1965ರಲ್ಲಿ ಸ್ಥಾಪನೆಯಾದ ಖಾಸಗಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ತರಬೇತಿ ಪಡೆಯುತ್ತಾರೆ. ಆಸ್ಪತ್ರೆಗೆ ವೈದ್ಯರ ಕೈಗಳು, ಕಾಲೇಜಿಗೆ ಕಲಿಕೆಯ ವಾರ್ಡುಗಳು. ಇಬ್ಬರಿಗೂ ಲಾಭದ ಏರ್ಪಾಡು. ಆದರೂ ಸರ್ಕಾರಿ ಕೋಟಾದ ಕಿರಿಯ ವೈದ್ಯರ ಶಿಷ್ಯವೇತನವನ್ನು ಸರ್ಕಾರ ಕೊಡಬೇಕೋ ಕಾಲೇಜು ಕೊಡಬೇಕೋ ಎಂಬುದು ಇತ್ಯರ್ಥವಾಗದೆ, ತಿಂಗಳುಗಟ್ಟಲೆ ಬಾಕಿ ಉಳಿದು, 2020ರಲ್ಲಿ ಕೋವಿಡ್ ನಡುವೆಯೇ ಅವರು ಬೀದಿಗಿಳಿಯಬೇಕಾಯಿತು.

ಚಿಗಟೇರಿ ಭಾಗಕ್ಕೆ ಅನ್ವಯಿಸಿ ನೋಡಿದರೆ ಕೇಳಬೇಕಾದುದು ಇಷ್ಟೇ: ಹರಪನಹಳ್ಳಿಯ ಆಸ್ಪತ್ರೆಯ ಲೆಕ್ಕ ಹೊಸಪೇಟೆಗೆ, ಅಲ್ಲಿನ ರೋಗಿ ದಾವಣಗೆರೆಗೆ ಹೋಗುವಾಗ ಎರಡು ಜಿಲ್ಲೆಗಳ ನಡುವೆ ತಜ್ಞರ ಸರದಿ, ರಕ್ತ ಪೂರೈಕೆ, ಮರಳಿ ಬಂದವರ ಆರೈಕೆ ಇವುಗಳ ವೆಚ್ಚ ಯಾರದು ಎಂಬುದನ್ನು ಲಿಖಿತವಾಗಿ ನಿಗದಿಪಡಿಸುವವರು ಯಾರು? 108 ವಾಹನವಂತೂ ಜಿಲ್ಲೆಯ ಗಡಿಯಲ್ಲಿ ನಿಂತು ವಿಚಾರಿಸುವುದಿಲ್ಲ.