ನಲ್‌ನ ಟೈಪ್ ಯಾವುದು?

ಜಾವಾದಲ್ಲಿ ಒಂದು ಮೆಥಡ್‌ಗೆ ‘ನಲ್’ ಕಳಿಸಿದರೆ, ಪ್ರೋಗ್ರಾಂ ಓಡುತ್ತಿರುವಾಗ ಅದರ ಟೈಪ್ ತಿಳಿಯಬಹುದೇ? ಲ್ಯಾಬ್‌ನಲ್ಲಿ ಸಹಪಾಠಿಗಳು ಆಗಾಗ ಕೇಳುವ ಪ್ರಶ್ನೆ ಇದು. ನಾನು ಮಾಡಿ ನೋಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಹಿಟ್ಟಿನ ಗಿರಣಿಯನ್ನು ನೆನಪಿಸಿಕೊಳ್ಳಿ. ಚೀಲ ಬಿಚ್ಚಿದರೆ ರಾಗಿಯೋ ಜೋಳವೋ ಗೊತ್ತಾಗುತ್ತದೆ. ಬರಿಗೈಯಲ್ಲಿ ಬಂದವನು ಯಾವ ಕಾಳು ತಂದಿಲ್ಲ ಎಂದು ಗಿರಣಿಯವರು ಹೇಗೆ ಹೇಳಿಯಾರು? ಮನೆಯಲ್ಲಿ ಚೀಟಿ ಬರೆದು ಕೊಟ್ಟಿದ್ದರೆ ಮಾತ್ರ ಹೇಳಬಹುದು. ನಲ್ ಕೂಡ ಹಾಗೆಯೇ. ಟೈಪ್ ಇರುವುದು ವೇರಿಯೇಬಲ್‌ಗೆ ಮತ್ತು ಆಬ್ಜೆಕ್ಟ್‌ಗೆ. ನಲ್ ಎಂದರೆ ಆಬ್ಜೆಕ್ಟೇ ಇಲ್ಲ. ಅದಕ್ಕೇ ನಲ್ ಮೇಲೆ ‘ಗೆಟ್‌ಕ್ಲಾಸ್’ ಕರೆದರೆ ‘ನಲ್ ಪಾಯಿಂಟರ್ ಎಕ್ಸೆಪ್ಶನ್’ ಬರುತ್ತದೆ. ‘ಇನ್‌ಸ್ಟೆನ್ಸ್‌ಆಫ್’ ಎಂದು ಯಾವ ಕ್ಲಾಸ್ ಹೆಸರಿಟ್ಟು ಕೇಳಿದರೂ ಉತ್ತರ ‘ಫಾಲ್ಸ್’.

ಹಾಗಾದರೆ ಒಂದೇ ಹೆಸರಿನ ಎರಡು ಮೆಥಡ್‌ಗಳಿದ್ದರೆ? ಯಾವುದನ್ನು ಕರೆಯಬೇಕೆಂದು ಕಂಪೈಲರ್ ಮೊದಲೇ ನಿರ್ಧರಿಸುತ್ತದೆ. ಒಂದು ಆಬ್ಜೆಕ್ಟ್, ಇನ್ನೊಂದು ಸ್ಟ್ರಿಂಗ್ ತೆಗೆದುಕೊಳ್ಳುವುದಾದರೆ, ಹೆಚ್ಚು ನಿರ್ದಿಷ್ಟವಾದ ಸ್ಟ್ರಿಂಗ್ ಮೆಥಡ್ ಆಯ್ಕೆಯಾಗುತ್ತದೆ. ಒಂದು ಸ್ಟ್ರಿಂಗ್, ಇನ್ನೊಂದು ಇಂಟಿಜರ್ ಆದರೆ ಗೊಂದಲವೆಂದು ಕಂಪೈಲರ್ ಎರರ್ ಕೊಡುತ್ತದೆ. ಆಗ ನಲ್ ಮುಂದೆ ಆವರಣದಲ್ಲಿ ಸ್ಟ್ರಿಂಗ್ ಎಂದು ಬರೆದು ಕಾಸ್ಟ್ ಮಾಡಬೇಕು. ಅದೇ ನಮ್ಮ ಚೀಟಿ. ರನ್‌ಟೈಮ್‌ನಲ್ಲಿ ಮೆಥಡ್ ಹುಡುಕುವ ಪ್ರೋಗ್ರಾಂ ಬರೆಯುವವರು, ಬಂದ ಬೆಲೆಯ ಕ್ಲಾಸ್ ಕೇಳುವ ಬದಲು ಟೈಪ್‌ನ್ನೂ ಜೊತೆಗೇ ಕಳಿಸಬೇಕು.

ಡೇಟಾಬೇಸ್‌ನಲ್ಲೂ ಇದೇ ನಿಯಮ. ಜೆಡಿಬಿಸಿಯ ‘ಸೆಟ್‌ನಲ್’ ಮೆಥಡ್ ಕಾಲಂನ ಟೈಪ್ ಕೇಳುವುದು ಇದಕ್ಕಾಗಿಯೇ. ಓದುವಾಗ ಇನ್ನೂ ಎಚ್ಚರ ಬೇಕು. ಪರೀಕ್ಷೆಗೆ ಗೈರಾದವರ ಅಂಕದ ಕಾಲಂನಲ್ಲಿ ನಲ್ ಇದೆ ಎನ್ನಿ. ಅದನ್ನು ‘ಗೆಟ್‌ಇಂಟ್’ ಮೂಲಕ ಓದಿದರೆ 0 ಬರುತ್ತದೆ, ಏಕೆಂದರೆ ‘ಇಂಟ್’ನಲ್ಲಿ ನಲ್ ಇಡಲು ಜಾಗವಿಲ್ಲ. ಕೂಡಲೇ ‘ವಾಸ್‌ನಲ್’ ಕೇಳದಿದ್ದರೆ, ಜ್ವರದಿಂದ ಮಲಗಿದ್ದ ಹುಡುಗಿ ಪರೀಕ್ಷೆ ಬರೆದು ಸೊನ್ನೆ ಪಡೆದವಳಾಗಿಬಿಡುತ್ತಾಳೆ! ತರಗತಿಯ ಸರಾಸರಿಯೂ ಇಳಿಯುತ್ತದೆ.

1965ರಲ್ಲಿ ಆಲ್ಗಾಲ್ ಡಬ್ಲ್ಯು ಭಾಷೆಗೆ ನಲ್ ರೆಫರೆನ್ಸ್ ತಂದವರು ಟೋನಿ ಹೋರ್. 2009ರಲ್ಲಿ ಅವರೇ ಅದನ್ನು ತಮ್ಮ ನೂರು ಕೋಟಿ ಡಾಲರಿನ ತಪ್ಪು ಎಂದು ಕರೆದರು. ಕಾಟ್ಲಿನ್‌ನಂತಹ ಭಾಷೆಗಳಲ್ಲಿ ನಲ್ ಬರಬಹುದಾದ ವೇರಿಯೇಬಲ್‌ನ ಟೈಪ್ ಆದ ನಂತರ ಪ್ರಶ್ನಾರ್ಥಕ ಚಿಹ್ನೆ ಹಾಕಲೇಬೇಕು. ಜಾವಾದಲ್ಲಿ ಆ ಎಚ್ಚರ ನಮ್ಮದೇ. ಮುಂದಿನ ಲ್ಯಾಬ್ ಅವಧಿಯಲ್ಲಿ ಮೇಲಿನ ಎರಡು ಮೆಥಡ್‌ಗಳನ್ನು ನೀವೇ ಬರೆದು, ನಲ್ ಕಳಿಸಿ ನೋಡಿ.