ಬಾನಿನಲ್ಲಿ ಎದುರಾಗುವವರು

ಸಣ್ಣ ಖಾಸಗಿ ವಿಮಾನವನ್ನು ನಡೆಸುವವನಿಗೆ ಬಹುಕಾಲದಿಂದ ಕಣ್ಣೇ ಕಾವಲು. ಎದುರು ಬರುವ ವಿಮಾನವನ್ನು ಕಂಡು ದೂರ ಸರಿಯುವುದು ಅವನದೇ ಹೊಣೆ. ಆದರೆ ಈ ಕಾವಲಿಗೊಂದು ವಿಚಿತ್ರ ಕೊರತೆಯುಂಟು. ಚಲಿಸುವುದನ್ನು ಕಣ್ಣು ಬೇಗ ಗುರುತಿಸುತ್ತದೆ. ಡಿಕ್ಕಿಯ ದಾರಿಯಲ್ಲಿರುವ ವಿಮಾನವಾದರೋ ಗಾಜಿಗೆ ಅಂಟಿದ ಚುಕ್ಕೆಯಂತೆ ಒಂದೇ ಎಡೆಯಲ್ಲಿ ನಿಂತಿರುತ್ತದೆ. ಅದು ದೊಡ್ಡದಾಗಿ ತೋರುವುದು ಕೊನೆಯ ಕೆಲವೇ ಕ್ಷಣಗಳಲ್ಲಿ.

ಈ ಕೊರತೆಗೆಂದು ಬಂದ ಉಪಕರಣಗಳಲ್ಲಿ ಎಡಿಎಸ್-ಬಿ ಮುಖ್ಯವಾದುದು. ವಿಮಾನವು ಉಪಗ್ರಹಗಳ ನೆರವಿನಿಂದ ತಾನಿರುವ ಎಡೆಯನ್ನು ಅರಿತು, ಎತ್ತರ ಮತ್ತು ವೇಗಗಳೊಡನೆ ಅದನ್ನು ಸುಮಾರು ಸೆಕೆಂಡಿಗೊಮ್ಮೆ ರೇಡಿಯೋ ಮೂಲಕ ಸಾರುತ್ತದೆ. ಕೇಳುವ ಯಂತ್ರವುಳ್ಳ ನೆರೆಯ ವಿಮಾನದ ಪರದೆಯ ಮೇಲೆ ಅದು ಮೂಡುತ್ತದೆ. ಅಮೆರಿಕದಲ್ಲಿ 2020ರ ಜನವರಿ 1ರಿಂದ ದಟ್ಟಣೆಯ ವಾಯುಪ್ರದೇಶಗಳಲ್ಲಿ ಸಾರುವುದು ಕಡ್ಡಾಯವಾಯಿತು. ಕೇಳುವುದನ್ನು ಮಾತ್ರ ಚಾಲಕರ ಇಷ್ಟಕ್ಕೆ ಬಿಟ್ಟರು. ಹಾರನ್ ಇರಲೇಬೇಕು, ಕಿವಿ ಇಲ್ಲದಿದ್ದರೂ ಸಾಗುತ್ತದೆ ಎಂದಂತೆ!

ಇಬ್ಬರಲ್ಲಿಯೂ ಉಪಕರಣವಿದ್ದರೆ ಭಯವಿಲ್ಲವೆ? 2019ರ ಮೇ 13ರಂದು ಅಲಾಸ್ಕದ ಕೆಚಿಕಾನ್ ಬಳಿ ಹಡಗಿನ ಪ್ರವಾಸಿಗರನ್ನು ಹೊತ್ತ ಬೀವರ್ ಮತ್ತು ಆಟರ್ ಎಂಬ ಎರಡು ಸಣ್ಣ ವಿಮಾನಗಳು ಹಾಡಹಗಲಿನಲ್ಲಿ ಡಿಕ್ಕಿ ಹೊಡೆದವು. ನೀರಿನ ಮೇಲೆ ಇಳಿಯಬಲ್ಲ ಈ ವಿಮಾನಗಳು ಬಾಡಿಗೆಯವು, ಖಾಸಗಿಯವಲ್ಲ. ಆದರೆ ಉಪಕರಣ ಅದೇ ಬಗೆಯದು. ಬೀವರಿನಲ್ಲಿದ್ದ ಐವರೂ ಆಟರಿನ ಒಬ್ಬ ಪ್ರಯಾಣಿಕರೂ ಸತ್ತರು.

ತನಿಖೆ ನಡೆಸಿದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಗೆ ಕಂಡುಬಂದುದು ಮನಸ್ಸನ್ನು ಕಲಕುವಂತಹುದು. ಆಟರ್ ತನ್ನ ನೆಲೆಯನ್ನು ಸಾರುತ್ತಿದ್ದರೂ ಎತ್ತರವನ್ನು ಸಾರುತ್ತಿರಲಿಲ್ಲ. ಆದಕಾರಣ ಬೀವರಿನ ಯಂತ್ರ ಎಚ್ಚರಿಕೆ ನೀಡಲಿಲ್ಲ. ಆಟರಿನ ಯಂತ್ರದಲ್ಲಿ ಮೊದಲಿದ್ದ ಎಚ್ಚರಿಕೆಯ ಸೌಲಭ್ಯ, ಹೊಸ ಸಾಮಗ್ರಿ ಅಳವಡಿಸಿದಾಗ ಬಿಟ್ಟುಹೋಗಿತ್ತು! ಅದರ ಚಾಲಕ ಪರದೆಯನ್ನು ಕೊನೆಯದಾಗಿ ನೋಡಿದ್ದು ಡಿಕ್ಕಿಗೆ ಸುಮಾರು 4 ನಿಮಿಷ ಮುಂಚೆ. ಕಣ್ಣಾದರೂ ಕಾಯಿತೇ ಎಂದರೆ, ಕೊನೆಯ 11 ಸೆಕೆಂಡು ಬೀವರ್ ಅವನಿಗೆ ಕಿಟಕಿಯ ಕಂಬದ ಮರೆಯಲ್ಲಿತ್ತು. ಬರಿಯ ಪರದೆ ಸಾಲದು, ಕೂಗಿ ಕರೆಯುವ ದನಿ ಬೇಕು ಎಂದು ನನಗೆ ತೋರುವುದು ಇದರಿಂದಲೇ. “ಎದುರು ವಿಮಾನ, ಬಲಕ್ಕೆ” ಎಂದು ಯಂತ್ರ ನುಡಿದರೆ ಚಾಲಕ ತಲೆಯೆತ್ತಿ ಆ ಕಡೆಯೇ ಹುಡುಕಬಹುದು; ಕಂಬ ಅಡ್ಡಬಂದರೆ ಕತ್ತು ಬಾಗಿಸಿ ನೋಡಬಹುದು.

ಅಂತಹ ಯಂತ್ರಕ್ಕೂ ಸಾರದವರ ಸುಳಿವು ಸುಲಭವಾಗಿ ಸಿಗದು. ಗ್ಲೈಡರುಗಳಿಗೂ ವಿದ್ಯುತ್ ವ್ಯವಸ್ಥೆಯಿಲ್ಲದೆ ತಯಾರಾದ ಹಳೆಯ ವಿಮಾನಗಳಿಗೂ ಅಮೆರಿಕದ ನಿಯಮ ಹಲವೆಡೆ ವಿನಾಯಿತಿ ನೀಡಿದೆ. ಪರದೆ ಬರಿದಾಗಿರುವಾಗಲೂ ಅವು ಪಕ್ಕದಲ್ಲೇ ಹಾರುತ್ತಿರಬಹುದು.